ಇಲ್ಲದ ಗಡಿಯಾರಕ್ಕೆ ಕಾದ ಪೆಟ್ಟಿಗೆ

ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಬಸ್ಸು ತಡವಾದರೆ ಮುಂದಿನ ನಿಲ್ದಾಣದ ತನಕ ನಡೆದೇಬಿಡುವವಳು ನಾನು. ಹಾಗೆ ನಡೆಯುತ್ತಿರುವಾಗಲೇ ಬಸ್ಸು ಪಕ್ಕದಿಂದ ಹಾದುಹೋಗಿ, ಹಿಂದಿನ ಸೀಟಿನವರು ನನ್ನನ್ನು ನೋಡಿ ನಕ್ಕದ್ದೂ ಉಂಟು. ಅಂಥವಳಿಗೆ ಹೊಟ್ಟೆಪಾಡಿಗೆಂದು ಸಿಕ್ಕಿದ ಕೆಲಸ ಯಂತ್ರಗಳಿಗೆ ಕಾಯುವುದನ್ನು ಕಲಿಸುವುದು. ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆಂದು ಕಾಣುತ್ತದೆ.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲಿನ ಮಾತು. ನಾನು ಅಂಕೋಲೆಯ ಪಕ್ಕದ ಬೊಬ್ರುವಾಡದಿಂದ ದಿನಾ ಬೆಳಿಗ್ಗೆ ಬಿಣಗಾ ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತಿದ್ದೆ. ಅಲ್ಲಿ ಒಂದು ಹೆಂಚಿನ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಮ್ಮ ಕಾರ್ಖಾನೆ. ಕಾರ್ಖಾನೆ ಎನ್ನುವುದು ಯಜಮಾನರ ಮಾತು. ನೋಡಿದವರು ರೇಡಿಯೋ ರಿಪೇರಿ ಅಂಗಡಿ ಎಂದುಕೊಂಡು ಕೆಟ್ಟ ಟೇಪ್‌ರೆಕಾರ್ಡರ್ ಹಿಡಿದು ಬರುತ್ತಿದ್ದರು. ಯಜಮಾನರು ಅವನ್ನೂ ಬೇಡವೆನ್ನದೆ ರಿಪೇರಿ ಮಾಡಿ ಕೊಡುತ್ತಿದ್ದರು.

ನಾವು ನಿಜವಾಗಿ ಮಾಡುತ್ತಿದ್ದುದು ಐಸ್ ಫ್ಯಾಕ್ಟರಿಗಳಿಗೆ ಬೇಕಾದ ಒಂದು ಪೆಟ್ಟಿಗೆಯನ್ನು. ದೋಣಿಗಳು ಸಮುದ್ರಕ್ಕೆ ಹೋಗುವಾಗ ಮಂಜುಗಡ್ಡೆ ತುಂಬಿಕೊಂಡು ಹೋಗಬೇಕು, ಇಲ್ಲದಿದ್ದರೆ ಹಿಡಿದ ಮೀನು ದಡಕ್ಕೆ ಬರುವಷ್ಟರಲ್ಲಿ ಗೊಬ್ಬರಕ್ಕೆ ಮಾತ್ರ. ಮಂಜುಗಡ್ಡೆ ಕಟ್ಟುವ ಉಪ್ಪುನೀರಿನ ತೊಟ್ಟಿ ಎಷ್ಟು ತಣ್ಣಗಿದೆ ಎಂದು ನಮ್ಮ ಪೆಟ್ಟಿಗೆ ನೋಡುತ್ತಿರುತ್ತಿತ್ತು. ಬಿಸಿಯೇರಿದರೆ ತಂಪು ಮಾಡುವ ಕಂಪ್ರೆಸರ್ ಹಚ್ಚುವುದು, ಸಾಕಾದರೆ ಆರಿಸುವುದು ಅದರ ಕೆಲಸ. ಕರೆಂಟು ಹೋಗಿ ಬಂದಾಗ ಯಾರೂ ಮುಟ್ಟದೆ ಎಲ್ಲವೂ ಮತ್ತೆ ಶುರುವಾಗಬೇಕು. ನಮ್ಮ ಕಡೆ ಕರೆಂಟು ಹೋಗಿ ಬರುವುದು ಹೊಸ ಸಂಗತಿಯಲ್ಲವಾದ್ದರಿಂದ ಪೆಟ್ಟಿಗೆಯ ಮರ್ಯಾದೆಯೆಲ್ಲ ಈ ಒಂದು ಗುಣದ ಮೇಲೆಯೇ ನಿಂತಿತ್ತು.

ಪೆಟ್ಟಿಗೆಯ ಒಳಗೆ ಪುಟ್ಟ ಕಂಪ್ಯೂಟರ್ ಇತ್ತು. ಅದರ ಒಂದೊಂದು ಭಾಗವನ್ನೂ ಮಾತಾಡಿಸಿ ಕೆಲಸಕ್ಕೆ ಹಚ್ಚಲು ಒಂದೊಂದು ಸಣ್ಣ ಪ್ರೋಗ್ರಾಂ ಬೇಕು. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಥರ್ಮಾಮೀಟರಿಗೊಂದು, ಎದುರಿನ ಪರದೆಗೊಂದು, ಕಂಪ್ರೆಸರಿನ ಸ್ವಿಚ್ಚಿಗೊಂದು. ಅವನ್ನು ಬರೆಯುವವಳು ನಾನು. ಮೊದಲ ಪೆಟ್ಟಿಗೆ ಬೈತಖೋಲ ಬಂದರಿನ ಒಂದು ಐಸ್ ಫ್ಯಾಕ್ಟರಿಗೆ ಹೋಯಿತು. ಹೋದ ಒಂದೇ ವಾರದಲ್ಲಿ ದೂರು ಬಂತು. ಕರೆಂಟು ಬಂದರೂ ಕಂಪ್ರೆಸರ್ ಏಳುವುದಿಲ್ಲ, ಪರದೆಯ ಮೇಲೆ ಅಂಕಿಯ ಬದಲು ಬರೀ ಗೀಟು. ಸ್ವಿಚ್ಚು ಆರಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಥರ್ಮಾಮೀಟರಿಗೆ ಕರೆಂಟು ಕೊಡುವ ಕಾರ್ಡು ಬೇರೆ ಇತ್ತು. ಅದು ನಿಧಾನದ ಗಿರಾಕಿ. ಕಂಪ್ಯೂಟರ್ ಚುರುಕು. ಕರೆಂಟು ಬಂದೊಡನೆ ನನ್ನ ಡ್ರೈವರ್ ಎದ್ದು, ಥರ್ಮಾಮೀಟರೇ ಇದ್ದೀಯಾ ಎಂದು ಕೇಳುತ್ತಿತ್ತು. ಅದಕ್ಕಿನ್ನೂ ಜೀವವೇ ಬಂದಿರಲಿಲ್ಲ. ಉತ್ತರ ಬಾರದ್ದನ್ನು ನೋಡಿ ನನ್ನ ಡ್ರೈವರ್ ಈ ಮನೆಯಲ್ಲಿ ಥರ್ಮಾಮೀಟರೇ ಇಲ್ಲವೆಂದು ತೀರ್ಮಾನಿಸಿ ಮಲಗಿಬಿಡುತ್ತಿತ್ತು. ಬರೆದವಳ ಸ್ವಭಾವವೇ ಬಂದಿದೆ ಎಂದು ನನಗೆ ನಗು ಬಂತು, ಯಜಮಾನರಿಗೆ ಬರಲಿಲ್ಲ. ಅವರು ಮನೆಯಲ್ಲಿ ಕೊಂಕಣಿ ಆಡುವವರು. ನನ್ನ ಜೊತೆ ಕನ್ನಡದಲ್ಲಿ ರೇಗುವಾಗಲೂ ಆ ರಾಗವನ್ನೂ, ತಂಗಿ ಎನ್ನುವ ಹಾಗೆ ಬಾಯ್ ಎಂದು ಕರೆಯುವುದನ್ನೂ ಬಿಡುತ್ತಿರಲಿಲ್ಲ.

"ಬಾಯ್, ಇದು ಕರೆಂಟು ಬಂದ ಕೂಡ್ಲೆ ತನ್ನಷ್ಟಕ್ಕೆ ಏಳ್ಬೇಕು," ಎಂದರು. "ಏಳ್ಸೂಕೆ ಒಬ್ಬ ಮನುಷ್ಯ ಬೇಕು ಅಂದ್ರೆ ಪೆಟ್ಟಿಗೆ ಯಾಕೆ?"

ಸ್ವಲ್ಪ ಹೊತ್ತು ಕಾದು ಆಮೇಲೆ ಕೇಳು ಎಂದು ಡ್ರೈವರಿಗೆ ಹೇಳಿಕೊಟ್ಟೆ. ನಮ್ಮ ಮೇಜಿನ ಮೇಲೆ ಚೆನ್ನಾಗಿ ನಡೆಯಿತು. ಬಂದರಿನಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಆ ಕಾರ್ಡು ಇನ್ನೂ ನಿಧಾನವಾಗಿ ಏಳುತ್ತಿತ್ತು, ಮತ್ತೆ ಅದೇ ಗೀಟು. ಕಾಯುವ ಹೊತ್ತನ್ನು ಹೆಚ್ಚಿಸಿದೆ. ಆಗ ಎಲ್ಲ ಸರಿಯಿದ್ದ ದಿನವೂ ಪೆಟ್ಟಿಗೆ ಮಂಕು ಬಡಿದವರ ಹಾಗೆ ಸುಮ್ಮನೆ ಕೂತಿರತೊಡಗಿತು. ಇಷ್ಟು ಹೊತ್ತು ಎಂದು ಕಾಯುವುದು ಕಾಯುವುದೇ ಅಲ್ಲ ಎಂದು ನನಗೆ ಹೊಳೆದದ್ದು ಆಗ. ಗಂಟೆ ನೋಡಿಕೊಂಡು ಕಾಯುವವನು ಬರುವವರ ದಾರಿ ನೋಡುವುದಿಲ್ಲ.

ಕೊನೆಗೆ ಎಲ್ಲವನ್ನೂ ಕಿತ್ತು ಹೊಸದಾಗಿ ಬರೆದೆ. ಪ್ರತಿಯೊಂದು ಡ್ರೈವರೂ ತನಗೆ ಯಾರು ಬೇಕೆಂದು ಮೊದಲೇ ಹೇಳಬೇಕು. ಅವರು ಎದ್ದಿದ್ದರೆ ತಾನೂ ಏಳಬೇಕು. ಇಲ್ಲದಿದ್ದರೆ ಜಗಳವಾಡಬಾರದು, ಬಿಟ್ಟೂ ಹೋಗಬಾರದು, ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಹೊಸಬರು ಯಾರಾದರೂ ಎದ್ದಾಗ ಮತ್ತೆ ಕೇಳಬೇಕು. ಕರೆಂಟು ಕೊಡುವ ಕಾರ್ಡಿಗೂ ಒಂದು ಬುದ್ಧಿ ಹೇಳಬೇಕಾಯಿತು. ಅದು ತಾನು ಎದ್ದೊಡನೆ, ಯಾರೂ ಕೇಳದ ತಂತಿಗಳಿಗೆ ಕರೆಂಟು ಯಾಕೆ ದಂಡ ಎಂದು ಆರಿಸಿಬಿಡುತ್ತಿತ್ತು. ಸಾಲಿನ ಕೊನೆಯಲ್ಲಿ ನಿಂತವನು ಇನ್ನೂ ಕೇಳಿಲ್ಲವಷ್ಟೆ, ಬೇಡವೆಂದಿಲ್ಲ. ಎಲ್ಲರೂ ಎದ್ದು ತಮ್ಮ ಕಾಲ ಮೇಲೆ ನಿಲ್ಲುವ ತನಕ ಕೊಟ್ಟದ್ದನ್ನು ತೆಗೆಯಬೇಡ ಎಂದು ಅದಕ್ಕೆ ಕಲಿಸಿದೆ. ಈಗಿನ ಯಂತ್ರಗಳಲ್ಲಿ ಯಾರು ಯಾರಿಗೆ ಕಾಯಬೇಕೆಂಬುದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಆಗ ನಾವೇ ಕೈಯಾರೆ ಬರೆದುಕೊಳ್ಳಬೇಕಿತ್ತು.

ಬಂದರಿನ ಪೆಟ್ಟಿಗೆ ಸರಿಹೋಯಿತು. ಒಂದು ಭಯ ಮಾತ್ರ ಉಳಿಯಿತು. ಇವನು ಅವನಿಗೆ ಕಾಯುತ್ತಿದ್ದು, ಅವನೂ ಇವನಿಗೇ ಕಾಯುತ್ತಿದ್ದರೆ ಪೆಟ್ಟಿಗೆ ಯಾವತ್ತೂ ಏಳುವುದಿಲ್ಲ. ತಪ್ಪಾಗಿದೆ ಎಂದು ಯಾರೂ ಕೂಗುವುದೂ ಇಲ್ಲ. ಇಬ್ಬರೂ ಮರ್ಯಾದಸ್ಥರ ಹಾಗೆ ಒಬ್ಬರಿಗೊಬ್ಬರು ದಾರಿ ಬಿಟ್ಟು ನಿಂತೇ ಇರುತ್ತಾರೆ. ಇದನ್ನು ಬರೆಯುವಾಗ ನನಗೆ ಪದೇ ಪದೇ ನೆನಪಾಗುತ್ತಿದ್ದುದು ನಮ್ಮ ಮನೆ.

ಮನೆಯಲ್ಲಿ ಇದ್ದದ್ದು ಮೂವರು. ಆಯಿ ಎಂದು ನಾವು ಕರೆಯುವ ಅಮ್ಮ, ಅಣ್ಣ, ನಾನು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅಣ್ಣನಿಗೆ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಒಂದು ಮಳೆಗಾಲದಲ್ಲಿ ಆಯಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ತಿಂಗಳುಗಟ್ಟಲೆ ಹಾಸಿಗೆ, ಆಮೇಲೆ ಕೋಲು. ಆ ಕೋಲು ಅವಳ ಕೈಗೆ ಅಂಟಿಕೊಂಡೇಬಿಟ್ಟಿತು. ಬೆಳಿಗ್ಗೆ ನಾವಿಬ್ಬರೂ ಹೊರಡುವಾಗ ಅವಳು ಕೋಲೂರಿ ಬಾಗಿಲಲ್ಲಿ ನಿಂತಿರುತ್ತಿದ್ದಳು, ಸಂಜೆ ಬರುವಾಗಲೂ ಹಾಗೆಯೇ. ಇವಳನ್ನು ಬಿಟ್ಟು ನಾನು ಇನ್ನೊಂದು ಮನೆಗೆ ಹೋಗುವುದು ಹೇಗೆ? ಯಾರಾದರೂ ಗಂಡಿನ ವಿಷಯ ತಂದರೆ, ಮೊದಲು ಅಣ್ಣನ ಮದುವೆಯಾಗಲಿ, ಆಯಿಯ ಹತ್ತಿರ ಇರುವವರೊಬ್ಬರು ಬರಲಿ ಎನ್ನುತ್ತಿದ್ದೆ.

ಅಣ್ಣ ಕಾಯುತ್ತಿದ್ದುದು ನನಗೆ. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಗಳು ಮನೆಯಲ್ಲಿರುವಾಗ ಮಗನಿಗೆ ಮದುವೆ ಮಾಡಿದರೆ ನಮ್ಮಲ್ಲಿ ಜನ ಆಡಿಕೊಳ್ಳುತ್ತಾರೆ. ಹಣಕೋಣದಲ್ಲಿದ್ದ ಸೋದರಮಾವ ಬಂದಾಗಲೆಲ್ಲ ಇದನ್ನು ಶಾಸ್ತ್ರವಾಕ್ಯದ ಹಾಗೆ ಹೇಳಿ, ಊಟ ಮಾಡಿ ಹೋಗುತ್ತಿದ್ದ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯದು ಅದೇ ಕತೆ. ಅಣ್ಣನಿಗೆ ನಾನು ಅಡ್ಡ, ನನಗೆ ಅಣ್ಣ ಅಡ್ಡ, ಇಬ್ಬರ ನಡುವೆ ಆಯಿಯ ಕೋಲು.

ಇದನ್ನು ನಗುತ್ತ ಹೇಳಿಕೊಂಡು ಇನ್ನಷ್ಟು ಕಾಲ ಕಳೆಯಬಹುದಿತ್ತು. ಆದರೆ ಅಣ್ಣನಿಗೆ ಒಬ್ಬಳು ಹುಡುಗಿ ಇದ್ದಳು. ಕಿನ್ನರದವಳು, ಶಾಲೆಯಲ್ಲಿ ಕಲಿಸುತ್ತಿದ್ದಳು. ಅವಳ ಕತೆಯನ್ನು ಅಣ್ಣ ನನಗೊಬ್ಬಳಿಗೇ ಹೇಳಿದ್ದ, ಆಯಿಗೆ ಹೇಳಿರಲಿಲ್ಲ. ಸೊಂಟ ನೋಯುವವಳಿಗೆ ಮನಸ್ಸಿನ ಭಾರ ಬೇರೆ ಯಾಕೆ ಎಂದು ನಾವಿಬ್ಬರೂ ದೊಡ್ಡವರ ಹಾಗೆ ಮಾತಾಡಿಕೊಂಡಿದ್ದೆವು. ಹುಡುಗಿಯ ಮನೆಯವರು ಕೆಟ್ಟವರಲ್ಲ. ಅವಳು ಇಂದು ನಾಳೆ ಎಂದು ಅವರನ್ನು ತಡೆದು ಹಿಡಿದಿದ್ದಳು. ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳ ಅಪ್ಪ, ಬರುವವರಿದ್ದರೆ ಈಗ ಬರಲಿ, ಇಲ್ಲದಿದ್ದರೆ ಗೋವೆಯ ಕಡೆಯ ಒಂದು ಸಂಬಂಧಕ್ಕೆ ಮಾತು ಕೊಡುತ್ತೇನೆ ಎಂದುಬಿಟ್ಟರಂತೆ. ಇದನ್ನು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳುವಾಗ ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀನು ಮಾಡಿಕೋ, ಮಾವನಿಗೆ ನಾನು ಹೇಳುತ್ತೇನೆ ಎಂದೆ. ಅವನು ತಲೆಯಾಡಿಸಿದ. ನನ್ನನ್ನು ಮನೆಯಲ್ಲಿ ಉಳಿದವಳು ಎಂದು ಜನ ಕರೆಯುವುದಕ್ಕೆ ತಾನು ಕಾರಣವಾಗಲಾರೆ ಎಂದ. ಹಾಗಾದರೆ ನಾನೇ ಯಾರನ್ನಾದರೂ ಒಪ್ಪಿಕೊಂಡುಬಿಡಲೇ ಎಂದೆ. ಯಾರನ್ನಾದರೂ ಒಪ್ಪಿಕೊಳ್ಳುವುದಾದರೆ ಬೇಡ ಎಂದ. ಘಟ್ಟದ ತಿರುವುಗಳಲ್ಲಿ ಬಸ್ಸು ವಾಲಾಡುತ್ತಿತ್ತು.

ಆ ದಿನಗಳಲ್ಲೇ ಅಂಕೋಲೆಯ ಒಂದು ಸಣ್ಣ ಐಸ್ ಫ್ಯಾಕ್ಟರಿಗೆ ಎರಡನೆಯ ಪೆಟ್ಟಿಗೆ ಹೋಯಿತು. ಅಗ್ಗದಲ್ಲಿ ಬೇಕು ಎಂದು ಅವರು ಚೌಕಾಸಿ ಮಾಡಿದ್ದರಿಂದ ಯಜಮಾನರು ಒಳಗಿನ ಒಂದೆರಡು ಬಿಡಿಭಾಗ ಹಾಕದೆ ಕೊಟ್ಟಿದ್ದರು. ಹಚ್ಚಿದ ದಿನವೇ ಪೆಟ್ಟಿಗೆ ಏಳಲಿಲ್ಲ. ಈ ಸಲ ಗೀಟೂ ಇಲ್ಲ, ಪರದೆಯೇ ಕಪ್ಪು. ಮರುದಿನ ಬೆಳಿಗ್ಗೆ ನಾನು ಕಾರವಾರಕ್ಕೆ ಹೋಗದೆ ನೇರ ಅಲ್ಲಿಗೇ ಹೋದೆ. ಮುಚ್ಚಳ ಬಿಚ್ಚಿ ನೋಡಿದೆ, ತಂತಿ ಎಳೆದು ನೋಡಿದೆ, ಎಲ್ಲ ಸರಿಯಾಗಿತ್ತು. ಮಧ್ಯಾಹ್ನ ಸಮೀಪಿಸುವಾಗ ಕಣ್ಣಿಗೆ ಬಿತ್ತು. ಒಳಗೆ ಗಡಿಯಾರದ ಚಿಪ್ ಇರಬೇಕಾದ ಜಾಗ ಖಾಲಿ ಇತ್ತು. ಪರದೆಯ ಮೂಲೆಯಲ್ಲಿ ಸಮಯ ತೋರಿಸಲೆಂದು, ನನಗೆ ಗಡಿಯಾರ ಬೇಕು ಎಂದು ಪರದೆಯ ಡ್ರೈವರಿನಲ್ಲಿ ಬರೆದವಳು ನಾನೇ. ಪರದೆ ಇಲ್ಲದ ಗಡಿಯಾರಕ್ಕೆ ಕಾಯುತ್ತಿತ್ತು. ಉಳಿದವರು ಪರದೆಗೆ ಕಾಯುತ್ತಿದ್ದರು. ಮಂಜುಗಡ್ಡೆ ಕಟ್ಟುವುದಕ್ಕೂ ಗಂಟೆ ಎಷ್ಟಾಯಿತೆಂಬುದಕ್ಕೂ ಏನು ಸಂಬಂಧ? ಏನೂ ಇಲ್ಲ. ಬೇಕು ಎಂದು ಹೇಳಿಬಿಟ್ಟದ್ದರಿಂದ ಬೇಕಾಗಿತ್ತು, ಅಷ್ಟೇ.

ಸರಿಮಾಡಲು ಒಂದು ಸಾಲು ಸಾಕಾಯಿತು. ಗಡಿಯಾರ ಇದ್ದರೆ ಸಂತೋಷ, ಇಲ್ಲದಿದ್ದರೆ ಆ ಮೂಲೆ ಖಾಲಿ ಬಿಟ್ಟು ಏಳು. ಪೆಟ್ಟಿಗೆ ಎದ್ದಿತು, ಕಂಪ್ರೆಸರ್ ಗುಡುಗಿತು. ಹೊಟ್ಟೆ ಹಸಿದಿತ್ತು, ಮನೆ ಹತ್ತಿರವೇ ಇದ್ದುದರಿಂದ ಊಟಕ್ಕೆ ಹೋಗೋಣವೆಂದು ಪೇಟೆಯೊಳಗೆ ನಡೆದೆ.

ಮೀನುಪೇಟೆಯ ಎದುರು ಬಂದಾಗ ಪರಿಚಯದ ದನಿಯೊಂದು ಬಂಗಡೆಯ ರಾಶಿಯ ಹತ್ತಿರ ಚೌಕಾಸಿ ಮಾಡುವುದು ಕೇಳಿಸಿತು. ನೋಡಿದರೆ ಆಯಿ. ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬಂಗಡೆಯ ಕಿವಿರು ಎತ್ತಿ ನೋಡುತ್ತಿದ್ದಳು. ಕಿವಿರು ಕೆಂಪಗಿಲ್ಲ, ನಿನ್ನೆಯ ಮೀನು ಎಂದು ಮಾರುವವಳನ್ನು ಗದರಿದಳು. ಆಮೇಲೆ ಮಂಡಿಗೆ ಕೈಯೂರದೆ ಎದ್ದು, ಚೀಲವನ್ನು ಬಗಲಿಗೆ ಸಿಕ್ಕಿಸಿಕೊಂಡು, ಬೊಬ್ರುವಾಡದ ರಸ್ತೆ ಹಿಡಿದು ಹೊರಟಳು. ಕೈಯಲ್ಲಿ ಕೋಲಿರಲಿಲ್ಲ. ಅವಳ ನಡಿಗೆ ನನ್ನದಕ್ಕಿಂತ ಚುರುಕಾಗಿತ್ತು. ನಾನು ಕರೆಯಲಿಲ್ಲ.

ಹಿಂದಿನಿಂದ ನಿಧಾನಕ್ಕೆ ಮನೆಗೆ ಹೋದೆ. ಅಂಗಳದ ಗೇಟಿನ ಸದ್ದಾಗುತ್ತಲೇ ಆಯಿ ಬಾಗಿಲಿಗೆ ಬಂದಳು, ಕೋಲೂರಿಕೊಂಡು. ಈ ಹೊತ್ತಿಗೆ ಬಂದೆಯಲ್ಲ ಎಂದು ಗಾಬರಿಯಾಗಿ ತಟ್ಟೆ ಹಾಕಿದಳು. ಉಣ್ಣುತ್ತ ನಾನು ಪೆಟ್ಟಿಗೆಯ ಕತೆ ಹೇಳಿದೆ. ಇಲ್ಲದ ಗಡಿಯಾರಕ್ಕೆ ಕಾಯುತ್ತ ಕೂತಿತ್ತು ಎಂದಾಗ ಅವಳು ಸೆರಗು ಬಾಯಿಗಿಟ್ಟು ನಕ್ಕಳು. ನಗು ನಿಂತ ಮೇಲೆ, ಬಂಗಡೆ ತಾಜಾ ಸಿಕ್ಕಿತೇ ಎಂದು ಕೇಳಿದೆ.

ಆಯಿ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಗೋಡೆಗೆ ಒರಗಿಸಿದ್ದ ಕೋಲನ್ನು ಒಮ್ಮೆ ನೋಡಿದಳು, ನನ್ನನ್ನು ನೋಡಿದಳು. ನನಗೆ ಸಿಟ್ಟು ಬರುತ್ತಿತ್ತು. ನಾವಿಬ್ಬರೂ ನಮ್ಮ ಬದುಕನ್ನೆಲ್ಲ ಆ ಕೋಲಿಗೆ ಕಟ್ಟಿ ಕೂತಿದ್ದೇವೆ, ಇವಳು ಪೇಟೆ ಸುತ್ತುತ್ತಿದ್ದಾಳೆ. ಸೊಂಟ ನೆಟ್ಟಗಾಗಿ ಎಷ್ಟು ದಿನವಾಯಿತು, ನಮ್ಮೆದುರು ಈ ನಾಟಕ ಯಾಕೆ ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಕೋಲು ನಂಗಲ್ಲ ಮಗಾ, ನಿಂಗೆ," ಎಂದಳು ಆಯಿ. "ಬಂದವ್ರು ಮಗಳ ಮದ್ವೆ ಯಾವಾಗ ಅಂತ ಕೇಳ್ತ್ರು. ಕೋಲು ಕಂಡ್ರೆ ಪಾಪ ಅಂದ್ಕಂಡು ಸುಮ್ನಾಗ್ತ್ರು. ನಿಂಗೆ ಮದ್ವೆ ಮನಸಿಲ್ಲ ಅಂತ ನಂಗೆ ಯಾವಾಗ್ಲೋ ಗೊತ್ತಿತ್ತು. ಮನಸಿಲ್ಲ ಅಂತ ಹೇಳೂಕೆ ಆಗ್ತದಾ ನಮ್ಮ ಊರಲ್ಲಿ?"

ತಟ್ಟೆಯಲ್ಲಿ ಅನ್ನ ಕಲಸಿದ ಕೈ ಹಾಗೇ ಒಣಗಿತು. ಮದುವೆ ಬೇಡವೆಂದು ನಾನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಕೂಡ ಅಷ್ಟು ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ. ಅವಳು ಹೇಳಿದ ಮೇಲೆ, ಹೌದಲ್ಲ ಎನಿಸಿತು. ಗಂಡಿನ ವಿಷಯ ತಂದವರು ಜಗಲಿ ಇಳಿದು ಹೋದಾಗ ನನಗೆ ಎಷ್ಟು ಹಗುರವಾಗುತ್ತಿತ್ತೆಂದು ಆಯಿ ಬಾಗಿಲ ಸಂದಿಯಿಂದ ನೋಡಿದ್ದಳೇನೋ. ನಾನು ಅತ್ತೆ. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಆಮೇಲೆ ಅಣ್ಣನ ಹುಡುಗಿಯ ವಿಷಯ ಹೇಳಿದೆ. ಅದನ್ನು ಕೇಳುತ್ತ ಆಯಿಯ ಮುಖ ಸಣ್ಣದಾಯಿತು. ಮಗಳಿಗೆ ಆಸರೆಯೆಂದು ಹಿಡಿದ ಕೋಲು ಮಗನ ದಾರಿಗೆ ಅಡ್ಡ ಬಿದ್ದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳದೆ ಮುಚ್ಚಿಟ್ಟವರು ನಾವು. ಮೂವರೂ ಮೂವರ ಮೇಲಿನ ಪ್ರೀತಿಯಿಂದಲೇ ಒಬ್ಬರನ್ನೊಬ್ಬರು ಕಟ್ಟಿಹಾಕಿ ಕೂತಿದ್ದೆವು. ಹುಡುಗಿಯ ಅಪ್ಪ ಎಲ್ಲಿ ಸಿಗುತ್ತಾರೆ ಎಂದಷ್ಟೇ ಆಯಿ ಕೇಳಿದಳು.

ಮರುದಿನ ಅವಳು ಅಣ್ಣನ ಜೊತೆ ಬಸ್ಸು ಹತ್ತಿ ಕಿನ್ನರಕ್ಕೆ ಹೋದಳು. ಗೋವೆಯವರಿಗೆ ಇನ್ನೂ ಮಾತು ಕೊಟ್ಟಿರಲಿಲ್ಲ. ಬರುವಾಗ ಹಣಕೋಣಕ್ಕೂ ಹೋಗಿ ಮಾವನಿಗೆ ವಿಷಯ ತಿಳಿಸಿದಳು. ಮಾವ ಎಂದಿನ ಮಾತು ತೆಗೆದ, ಹೆಣ್ಣುಮಗಳು ಮನೆಯಲ್ಲಿರುವಾಗ ಹೀಗೆ ಮಾಡಬಹುದೇ ಎಂದ. ತನ್ನ ಮಗಳು ಯಾರ ಬಾಗಿಲಿಗೂ ಅಡ್ಡ ನಿಂತವಳಲ್ಲ, ಅವಳನ್ನು ಅಡ್ಡ ಇಟ್ಟವರು ನೀವು ಎಂದಳಂತೆ ಆಯಿ. ಅಣ್ಣ ಇದನ್ನು ಹೇಳುವಾಗ ಅವನ ಮುಖದಲ್ಲಿ ನಗುವೂ ಇತ್ತು, ಭಯವೂ ಇತ್ತು. ಮಾವ ಸಿಟ್ಟು ಮಾಡಿಕೊಂಡು ಮದುವೆಗೆ ಬರುವುದಿಲ್ಲ ಎಂದ. ಬಂದ, ಊಟವನ್ನೂ ಮಾಡಿದ.

ಅತ್ತಿಗೆ ಬಂದಳು. ಮೆಲುಮಾತಿನ ಹುಡುಗಿ, ಅವಳೂ ಆಯಿಯೂ ಹುಳಿಗೆ ಎಷ್ಟು ಮುರುಗಲ ಸಿಪ್ಪೆ ಹಾಕಬೇಕೆಂಬ ಒಂದು ವಿಷಯದಲ್ಲಿ ಬಿಟ್ಟರೆ ಬೇರೆಲ್ಲೂ ಜಗಳವಾಡಲಿಲ್ಲ. ಇನ್ನು ಕೋಲಿಗೆ ಕೆಲಸವಿಲ್ಲ ಎಂದು ನಾನು ಎಣಿಸಿದ್ದೆ. ಆದರೆ ಅದು ಬಾಗಿಲ ಹಿಂದಿನ ತನ್ನ ಜಾಗ ಬಿಡಲಿಲ್ಲ. ನೆಂಟರು ಗೇಟು ತೆರೆದ ಸದ್ದಾದರೆ ಸಾಕು, ಅಂಗಳದಲ್ಲಿ ಓಡಾಡುತ್ತಿದ್ದ ಆಯಿ ಒಳಗೆ ಬಂದು ಕೋಲು ಹಿಡಿದು ಕುಂಟುತ್ತ ಹೊರಗೆ ಹೋಗುತ್ತಿದ್ದಳು. ಸೊಸೆ ಬಂದಳಲ್ಲ, ಇನ್ನು ಮಗಳದ್ದು ಮಾಡಿ ಎಂದು ಅವರು ಹೇಳಿದರೆ, ಸೊಸೆ ಶಾಲೆಗೆ ಹೋಗುತ್ತಾಳೆ, ಹಗಲು ಮನೆಯಲ್ಲಿ ಯಾರಿದ್ದಾರೆ ಎಂದು ಸೊಂಟ ಹಿಡಿದುಕೊಂಡು ನಿಟ್ಟುಸಿರು ಬಿಡುತ್ತಿದ್ದಳು. ಅತ್ತಿಗೆಗೂ ಅಣ್ಣನಿಗೂ ಈಗ ಗುಟ್ಟು ಗೊತ್ತಿತ್ತು. ಅವರು ಒಳಗೆ ಹೋಗಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕೊಟ್ಟದ್ದನ್ನು ಎಲ್ಲರೂ ಏಳುವ ತನಕ ತೆಗೆಯಬೇಡ ಎಂದು ಆ ಕಾರ್ಡಿಗೆ ಕಲಿಸಿದವಳು ನಾನು. ನಮ್ಮ ಮನೆಯಲ್ಲಿ ಸಾಲಿನ ಕೊನೆಯಲ್ಲಿ ನಿಂತವಳು ನಾನೇ ಎಂದು ನೋಡಿಕೊಳ್ಳಲು ಮಾತ್ರ ನನಗೆ ಇಷ್ಟು ಕಾಲ ಬೇಕಾಯಿತು.

ಮುಂದಿನ ಬೇಸಿಗೆಯಲ್ಲಿ ಒಂದು ಭಾನುವಾರ, ಆಯಿಯ ದೂರದ ಸಂಬಂಧದ ಹೆಂಗಸೊಬ್ಬರು ಇಶಾಡು ಮಾವಿನಹಣ್ಣಿನ ಬುಟ್ಟಿಯ ಜೊತೆಗೆ ಒಂದು ಗಂಡಿನ ಸುದ್ದಿಯನ್ನೂ ಹೊತ್ತು ಬಂದರು. ಆಯಿ ಎಂದಿನಂತೆ ಕೋಲೂರಿ ಜಗಲಿಗೆ ಬಂದು ಕೂತಳು, ಸೊಂಟದ ಕತೆ ಶುರುಮಾಡಲು ಬಾಯಿ ತೆರೆದಳು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನಂಗೆ ಮದ್ವೆ ಮನಸಿಲ್ಲ," ಎಂದೆ. "ಆಯಿಗಾಗಿ ಅಲ್ಲ. ನಂಗೇ ಬೇಡ."

ಆ ಹೆಂಗಸು ನನ್ನನ್ನೂ ಆಯಿಯನ್ನೂ ನೋಡಿದರು. ಆಯಿ ಬುಟ್ಟಿಯಿಂದ ಒಂದು ಹಣ್ಣು ಎತ್ತಿ ಮೂಸಿ ನೋಡಿದಳು. ಸ್ವಲ್ಪ ಹೊತ್ತು ಹಣ್ಣಿನ ಮಾತು, ಸೆಖೆಯ ಮಾತು ನಡೆಯಿತು. ಬಂದವರು ಹೊರಟು ನಿಂತಾಗ ಆಯಿಯೂ ಎದ್ದಳು. ಅವರನ್ನು ಗೇಟಿನ ತನಕ ಕಳಿಸಲು ಹೋದಳು, ನೆಟ್ಟಗೆ, ಕೈ ಬೀಸಿಕೊಂಡು. ಕೋಲು ಜಗಲಿಯ ಮೇಲೇ ಬಿದ್ದಿತ್ತು. ಸಂಜೆ ಅದನ್ನು ಬಸಳೆಯ ಚಪ್ಪರಕ್ಕೆ ಊರುಗೋಲಾಗಿ ಕೊಟ್ಟಳು.